ಗಾಡಿಯೊಳಗಿನ ನೀರಿನ ಪೈಪು: ಸಿಪಿವಿಸಿ ಕಿತ್ತು ಪೆಕ್ಸ್ ಹಾಕಿದೆ

ನಮ್ಮ ಕ್ಯಾರವಾನ್‌ನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗುವಂಥ ಗಾಡಿಯಲ್ಲಿ, ಹಾರ್ಸ್ಲಿ ಹಿಲ್ಸ್‌ಗೆ ಹೊರಟಿದ್ದೆವು. ಶ್ರೀನಿವಾಸಪುರ ದಾಟಿ ರಾಯಲ್ಪಾಡು ಹತ್ತಿರ ಬರುವಾಗ ಹಿಂದಿನಿಂದ ಟರ್ರ್ ಅಂತ ಸದ್ದು. ನಲ್ಲಿ ಯಾರೂ ತಿರುಗಿಸಿಲ್ಲ, ಪಂಪ್ ಮಾತ್ರ ತಾನಾಗಿ ಓಡುತ್ತೆ, ನಿಲ್ಲುತ್ತೆ, ಎರಡು ನಿಮಿಷ ಬಿಟ್ಟು ಮತ್ತೆ ಓಡುತ್ತೆ. ಇಂಥ ಗಾಡಿಗಳಲ್ಲಿ ಇರುವ 12 ವೋಲ್ಟ್ ಪಂಪ್‌ಗೆ ಒಂದು ಪ್ರೆಶರ್ ಸ್ವಿಚ್ ಇರುತ್ತೆ, ಪೈಪ್‌ನಲ್ಲಿ ಒತ್ತಡ ಇಳಿದರೆ ಅದು ಪಂಪ್ ಶುರು ಮಾಡುತ್ತೆ. ನಲ್ಲಿ ಮುಚ್ಚಿದ್ದೂ ಓಡುತ್ತಿದೆ ಅಂದರೆ ಬಹುಪಾಲು ಎಲ್ಲೋ ಸೋರುತ್ತಿದೆ ಅಂತ ಅರ್ಥ. ಸಿಂಕ್ ಕೆಳಗಿನ ಬಾಗಿಲು ತೆಗೆದರೆ ರಾಗಿ ಹಿಟ್ಟಿನ ಚೀಲ ಆಗಲೇ ಮುದ್ದೆಗೆ ರೆಡಿ!

ಈ ಹಳೇ ಟಿಟಿಯನ್ನು (ಟೆಂಪೋ ಟ್ರಾವೆಲರ್) ಕ್ಯಾರವಾನ್ ಮಾಡಿಕೊಟ್ಟವರು ಮನೆಗೆ ಹಾಕುವ ಹಾಗೆ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪ್ ಹಾಕಿದ್ದರು. ಸಿಪಿವಿಸಿ ಕೆಟ್ಟ ಪೈಪ್ ಅಲ್ಲ, ಬಿಸಿನೀರು ತಡೆಯುತ್ತೆ. ಆದರೆ ಅದು ಗಡುಸು. ಮನೆ ಗೋಡೆ ಅಲ್ಲಾಡಲ್ಲ, ಗಾಡಿ ಅಲ್ಲಾಡುತ್ತೆ. ತಿರುವಿಗೊಂದು ಎಲ್ಬೋ, ಎಲ್ಬೋಗೆ ಎರಡು ಕಡೆ ಸಲ್ಯೂಷನ್ (ಪೈಪ್ ಅಂಟು) ಹಚ್ಚಿದ ಜಾಯಿಂಟ್. ಕೂತು ಎಣಿಸಿದೆ, 14 ಎಲ್ಬೋ. ಪ್ರತಿ ಹಂಪ್ಸ್‌ನ ಏಟು ಹೋಗಿ ಬೀಳುವುದು ಆ 28 ಜಾಯಿಂಟ್ ಮೇಲೇ ಅಲ್ವಾ?

ಬಗ್ಗುವ ಪೈಪೇ ಬೇಕು ಅಂತ ಆಯಿತು. ಅಪ್ಪ ತಕ್ಷಣ, "ತೋಟದಲ್ಲಿ ಡ್ರಿಪ್ ಪೈಪ್ ಸುರುಳಿಗಟ್ಟಲೆ ಬಿದ್ದಿದೆ, ಅದನ್ನೇ ಎಳ್ಕೋಪ್ಪಾ" ಅಂದರು. ಕೋಲಾರದಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ಡ್ರಿಪ್ ಲೈನ್ ಕೆಲಸ ಮಾಡುವುದು ಸುಮಾರು ಒಂದು ಕೆಜಿ ಪ್ರೆಶರ್‌ನಲ್ಲಿ (ಚದರ ಸೆಂಟಿಮೀಟರ್‌ಗೆ ಒಂದು ಕೆಜಿ), ನನ್ನ ಪಂಪ್ ನಿಲ್ಲುವುದು ಮೂರು ಕೆಜಿ ಹತ್ತಿರ. ಸುಮ್ನೆ ತುರುಕಿದ ಜಾಯಿಂಟ್ ಕಿತ್ತುಕೊಂಡು ಬರುತ್ತೆ. ಬಿಸಿನೀರಿಗಂತೂ ಆಗುವುದೇ ಇಲ್ಲ. ಇನ್ನು ಒಳಗೆ ನೂಲು ಹೆಣೆದಿರುವ ಪಾರದರ್ಶಕ ಹೋಸ್ ಅಗ್ಗ, ಎಲ್ಲ ಅಂಗಡಿಯಲ್ಲೂ ಸಿಗುತ್ತೆ. ಅದು ಬಿಸಿಗೆ ಮೆತ್ತಗಾಗುತ್ತೆ, ನೀರಿಗೆ ಪ್ಲಾಸ್ಟಿಕ್ ವಾಸನೆ ಬರುತ್ತೆ, ಬೆಳಕು ಬಿದ್ದರೆ ಒಳಗೆ ಪಾಚಿ. ಕುಡಿಯುವ ನೀರಿಗೆ ನಾನು ಹಾಕಲ್ಲ.

ಕೊನೆಗೆ ಪೆಕ್ಸ್. ಡ್ರಿಪ್ ಪೈಪ್ ಥರ ಇದೂ ಪಾಲಿಥಿನ್ನೇ, ಆದರೆ ಅದರ ಎಳೆಗಳನ್ನು ಒಂದಕ್ಕೊಂದು ಬೆಸೆದಿರುತ್ತಾರೆ, ಅದಕ್ಕೇ ಬಿಸಿಗೆ ಕರಗಿ ಜೋತು ಬೀಳಲ್ಲ. ಸಾಮಾನ್ಯವಾಗಿ 82 ಡಿಗ್ರಿ ಬಿಸಿಯಲ್ಲಿ ಸುಮಾರು ಏಳು ಕೆಜಿ ಪ್ರೆಶರ್ ತಡೆಯುತ್ತೆ, ನಮ್ಮ ಪುಟ್ಟ ಗೀಸರ್‌ಗೆ ಅದು ಜಾಸ್ತಿಯೇ ಆಯಿತು. ಕೋಲಾರದಲ್ಲಿ ಎರಡು ಅಂಗಡಿ ಕೇಳಿದೆ. "ಅದು ಇಲ್ಲಿ ಓಡಲ್ಲಣ್ಣ, ಸಿಪಿವಿಸಿನೇ ಹಾಕ್ಬಿಡಿ" ಅಂದರು. ಬೆಂಗಳೂರಿಂದ 16 ಎಂಎಂ ಸುರುಳಿ ತರಿಸಿದೆ. ನಡುವೆ ಅಲ್ಯೂಮಿನಿಯಂ ಪದರ ಇರುವ ಕಾಂಪೋಸಿಟ್ ಪೈಪ್ ಕೂಡ ಇದೆ, ಬಗ್ಗಿಸಿದರೆ ಹಾಗೇ ನಿಲ್ಲುತ್ತೆ. ಆದರೆ ಒಂದೇ ಕಡೆ ಎರಡು ಮೂರು ಸಲ ಬಗ್ಗಿಸಿದರೆ ಮಡಚಿಕೊಳ್ಳುತ್ತೆ, ನನ್ನ ಕೈಗೆ ಅದು ಸರಿಹೋಗಲ್ಲ.

ಪೆಕ್ಸ್‌ಗೆ ಸಲ್ಯೂಷನ್ ಅಂಟಲ್ಲ. ತಾಮ್ರದ ರಿಂಗ್ ಹಾಕಿ ಒತ್ತಬೇಕು, ಇಲ್ಲವೇ ಒತ್ತಿ ಕೂರಿಸುವ ಫಿಟಿಂಗ್ ಬೇಕು. ಮನೆಯ ಆರ್‌ಓ ಫಿಲ್ಟರ್ ಪೈಪ್ ಹೇಗೆ ಸಿಕ್ಕಿಸುತ್ತಾರೋ ಹಾಗೇ, ಸ್ವಲ್ಪ ದೊಡ್ಡದು ಅಷ್ಟೇ. ನಾನು ಎರಡನೆಯದು ತಗೊಂಡೆ, ರಿಂಗ್ ಒತ್ತುವ ಟೂಲ್‌ಗೆ ದುಡ್ಡು ಕೊಡಲು ಮನಸ್ಸಾಗಲಿಲ್ಲ. ಮೊದಲನೇ ಜಾಯಿಂಟೇ ಸೋರಿತು! ಪೈಪ್ ಮೇಲೆ ಉಗುರಲ್ಲಿ ಗೀರಿದಷ್ಟು ಗೀರು ಇತ್ತು, ಒಳಗಿನ ರಬ್ಬರ್ ರಿಂಗ್ ಅಲ್ಲಿ ಸರಿಯಾಗಿ ಕೂರಲಿಲ್ಲ. ಆಕ್ಸಾ ಬ್ಲೇಡಲ್ಲಿ ಕೊಯ್ದಿದ್ದೂ ತಪ್ಪೇ, ಕಟರ್‌ನಲ್ಲಿ ನೇರವಾಗಿ ಕತ್ತರಿಸಬೇಕು. ಆ ತುದಿಯನ್ನು ಎರಡು ಇಂಚು ಕತ್ತರಿಸಿ ಎಸೆದು ಮತ್ತೆ ಕೂರಿಸಿದೆ.

ಬಗ್ಗುತ್ತೆ ಅಂತ ಹೇಗೆ ಬೇಕೋ ಹಾಗೆ ಬಗ್ಗಿಸುವಂತಿಲ್ಲ. ತಿರುವಿನ ತ್ರಿಜ್ಯ ಪೈಪ್‌ನ ದಪ್ಪದ ಎಂಟರಷ್ಟಾದರೂ ಇರಲಿ, 16 ಎಂಎಂಗೆ 13 ಸೆಂಟಿಮೀಟರ್ ಹತ್ತಿರ. ಮೊಳಕ್ಕೊಂದು ಕ್ಲಾಂಪ್ ಹೊಡೆದೆ, ತಗಡಿನ ತೂತಲ್ಲಿ ನುಗ್ಗುವ ಕಡೆ ರಬ್ಬರ್ ಬುಶ್ ಕೊಟ್ಟೆ, ಪಂಪ್ ಅದುರುವುದರಿಂದ ಅದರ ಎರಡೂ ಬದಿಗೆ ಗೇಣುದ್ದ ಮೆತ್ತನೆ ಹೋಸ್. ಬಿಸಿಗೆ ಪೈಪ್ ಉದ್ದ ಆಗುತ್ತೆ, ಅದಕ್ಕೆ ಬಿಗಿಯಾಗಿ ಎಳೆದು ಕಟ್ಟಲಿಲ್ಲ. ಜಾಯಿಂಟ್ 28 ಇದ್ದದ್ದು ಈಗ ಒಂಬತ್ತು. ಒಂದೊಂದರ ಕೆಳಗೂ ಟಿಶ್ಯೂ ಪೇಪರ್ ಇಟ್ಟು ಪಂಪ್ ಆನ್ ಮಾಡಿಯೇ ಮಲಗಿದೆ. ರಾತ್ರಿಯಿಡೀ ಒಂದು ಸಲವೂ ಟರ್ರ್ ಅನ್ನಲಿಲ್ಲ.

ಈಗ ಉಳಿದಿರುವುದು ಇಲಿ. ಈ ಪೈಪನ್ನು ಕಡಿಯುತ್ತವೆ, ನಾನು ಗಾಡಿ ನಿಲ್ಲಿಸುವುದು ಹುಲ್ಲಿನ ಬಣವೆ ಪಕ್ಕ. ಬಣವೆ ಜಾಗ ಬದಲಿಸಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದಾರೆ.