ತರಬೇತಿಯಲ್ಲಿ ಉಣಗೋಲು ಇರುವುದಿಲ್ಲ

ನಿರ್ದೇಶಕ ಜಾಕ್ ತಾತಿಯ ‘ಲೆಕೋಲ್ ದೆ ಫಾಕ್ತರ್’ ಅಂತ ಒಂದು ಫ್ರೆಂಚ್ ಕಿರುಚಿತ್ರ ಇದೆ. 1947ರದ್ದು, ಕಪ್ಪು ಬಿಳುಪು, ಸುಮಾರು ಕಾಲು ಗಂಟೆ. ಪೋಸ್ಟ್‌ಮ್ಯಾನ್‌ಗಳ ಶಾಲೆ ಅಂತ ಅರ್ಥ. ಮೂಡಿಗೆರೆ ಕಡೆ ಟಪಾಲು ಹಂಚುವ ನನಗೆ ಇದನ್ನು ಕಳಿಸಿದ್ದು ಅಕ್ಕನ ಮಗ. “ಮಾವ, ನಿಮ್ಮ ಡಿಪಾರ್ಟ್‌ಮೆಂಟಿನದೇ ಪಿಚ್ಚರ್, ನೋಡಿ” ಅಂದ. ಫ್ರೆಂಚ್ ಬರದಿದ್ದರೂ ತೊಂದರೆಯಿಲ್ಲ, ಎಲ್ಲಾ ಕೈಕಾಲಿನಲ್ಲೇ ನಡೆಯುತ್ತದೆ.

ಶುರುವಿನಲ್ಲೇ ನಕ್ಕುಬಿಟ್ಟೆ. ಮೂವರು ಪೋಸ್ಟ್‌ಮ್ಯಾನ್‌ಗಳು ಮುಂದೆ ಹೋಗದ ಸೈಕಲ್ ಮೇಲೆ ಕೂತು ತರಬೇತಿ ಪಡೆಯುತ್ತಿದ್ದಾರೆ. ಸಾಹೇಬರು ಹೇಳಿದಂತೆ ತುಳಿಯಬೇಕು, ಚೀಲಕ್ಕೆ ಕೈ ಹಾಕಬೇಕು, ಕಾಗದ ಕೊಡಬೇಕು. ಥೇಟ್ ಪೊಲೀಸ್ ಕವಾಯತು. ಟಪಾಲು ವಿಮಾನಕ್ಕೆ ಸಿಗಬೇಕಲ್ವಾ, ಅದಕ್ಕೆ ಈ ಅವಸರ.

ನಮಗೂ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವುದನ್ನು ಕಲಿಸಿದ್ದು ಹೀಗೇ. ಫ್ಯಾನಿನ ಕೆಳಗೆ, ಫುಲ್ ನೆಟ್‌ವರ್ಕ್ ಇರುವ ಹಾಲಿನಲ್ಲಿ. ತರಬೇತಿಯಲ್ಲಿ ಉಣಗೋಲು ಇರುವುದಿಲ್ಲ. ಅಡ್ಡ ಗಳ ಹಾಕಿದ ಆ ಗೇಟು ನನ್ನ ಬೀಟಿನಲ್ಲಿ ತೋಟಕ್ಕೊಂದು. ಬೈಕ್ ನಿಲ್ಲಿಸು, ಗಳ ಸರಿಸು, ಒಳಗೆ ಹೋಗು, ಮತ್ತೆ ಇಳಿದು ಗಳ ಹಾಕು. ಮರೆತರೆ ದನ ನುಗ್ಗುತ್ತವೆ, ಬೈಗುಳ ನನಗೆ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಬೇರೆ. ತೋಟದ ಕೂಲಿಯವರ ಲೈನ್ ಮನೆಯ ಅಜ್ಜಿಯ ಪಿಂಚಣಿಗೆ ಹೆಬ್ಬೆಟ್ಟು ಒತ್ತಿಸಬೇಕು. ವರ್ಷಗಟ್ಟಲೆ ಕಾಫಿ ಹಣ್ಣು ಕೊಯ್ದು ಸವೆದ ಬೆರಳು, ಮಷೀನು ಒಪ್ಪುವುದಿಲ್ಲ. “ಕೂತ್ಕೊಳ್ಳಿ ಪೋಸ್ಟಣ್ಣ, ಕಾಫಿ ಕುಡೀರಿ, ಆಮೇಲೆ ನೋಡಾಣ” ಅನ್ನುತ್ತಾರೆ. ಆ ಸಮಯ ಯಾವ ಲೆಕ್ಕದಲ್ಲೂ ಇಲ್ಲ.

ಪೋಸ್ಟ್‌ಮ್ಯಾನ್ ಫ್ರಾಂಸ್ವಾ ಆಗಿರುವುದು ತಾತಿಯೇ. ಉದ್ದನೆಯ ಆಳು, ಮೀಸೆ, ಟೋಪಿ. ಸಿನಿಮಾಕ್ಕೆ ಮೊದಲು ಈತ ರಂಗದ ಮೇಲೆ ಟೆನಿಸ್, ಬಾಕ್ಸಿಂಗ್ ಆಡುವವರನ್ನು ಮಾತಿಲ್ಲದೆ ಅಣಕಿಸುತ್ತಿದ್ದವನು. ಸೈಕಲ್ ಮೇಲೆ ಅದು ಗೊತ್ತಾಗುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಾರಿಯ ದೃಶ್ಯ. ಓಡುತ್ತಿರುವ ಲಾರಿಯ ಹಿಂದಿನ ಹಲಗೆಯನ್ನೇ ಮೇಜು ಮಾಡಿಕೊಂಡು, ಪೆಡಲ್ ತುಳಿಯುತ್ತಲೇ ಕಾಗದಗಳಿಗೆ ಮುದ್ರೆ ಹೊಡೆಯುತ್ತಾನೆ. ಮುಖದಲ್ಲಿ ಸಾಹಸದ ಸುಳಿವೇ ಇಲ್ಲ. ಕೌಂಟರಿನಲ್ಲಿ ಕೂತವನ ಮುಖ! ಬಸ್ಸಿನ ಬಾನೆಟ್ ಮೇಲೆ ಟಪಾಲು ವಿಂಗಡಿಸಿಕೊಂಡು ಬರುತ್ತಿದ್ದ ಹಿರಿಯರೊಬ್ಬರ ಮುಖವೂ ಹಾಗೇ ಇರುತ್ತಿತ್ತು. ಅವಸರ ಮಾಡಿಸುವುದು ಮೇಲಿನವರು, ಉಪಾಯ ಹುಡುಕುವುದು ಬೀಟಿಗೆ ಹೋಗುವವನು. ಲಾರಿ ಹಿಡಿಯುವುದನ್ನು ಆ ಶಾಲೆ ಎಲ್ಲಿ ಕಲಿಸಿತ್ತು?

ಇದೇ ಫ್ರಾಂಸ್ವಾನನ್ನು ಇಟ್ಟುಕೊಂಡು ತಾತಿ 1949ರಲ್ಲಿ ‘ಜೂರ್ ದೆ ಫೆತ್’, ಅಂದರೆ ಜಾತ್ರೆಯ ದಿನ, ಅನ್ನುವ ದೊಡ್ಡ ಸಿನಿಮಾ ಮಾಡಿದ. ಸೇಂತ್ ಸೆವೇರ್ ಅನ್ನುವ ಹಳ್ಳಿಯಲ್ಲಿ ತೆಗೆದದ್ದು. ಅದರಲ್ಲಿ ಅಮೆರಿಕದ ಅಂಚೆಯವರ ವೇಗ ನೋಡಿ ಇವನಿಗೆ ಹುಚ್ಚು ಹಿಡಿಯುತ್ತದೆ. ಹೆಸರು ಮಾಡಿದ್ದು ಅದೇ. ಆದರೆ ನನಗೆ ಅದರಲ್ಲಿ ಜಾತ್ರೆ ಜಾಸ್ತಿಯಾಯಿತು, ಟಪಾಲು ಕಡಿಮೆಯಾಯಿತು.

ನಮ್ಮಲ್ಲೂ 2025ರಲ್ಲಿ ರಿಜಿಸ್ಟರ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೆ ಸೇರಿಸಿದ್ದಾರೆ. ಈಗ ಎಲ್ಲವೂ ಸ್ಪೀಡ್. ನಮ್ಮ ತೋಟದ ದಾರಿಗಳಿಗೆ ಮಾತ್ರ ಈ ಆರ್ಡರ್ ಇನ್ನೂ ತಲುಪಿಲ್ಲ.

ಕೊನೆಯಲ್ಲಿ ಫ್ರಾಂಸ್ವಾ ಹೊರಟೇಬಿಟ್ಟ ವಿಮಾನದ ಬಾಲಕ್ಕೆ ಚೀಲ ಸಿಕ್ಕಿಸಿಬಿಡುತ್ತಾನೆ. ನಮ್ಮೂರಿನ ಸಂಜೆ ಬಸ್ಸಿಗೆ ಅಷ್ಟೆಲ್ಲ ಬೇಕಿಲ್ಲ. ಕಂಡಕ್ಟರ್ ಕಾಯುತ್ತಾರೆ, ಬೈದುಕೊಂಡೇ ಕಾಯುತ್ತಾರೆ.