ಇವರಿಗೂ ಮಾತ್ರೆ

ಜುಲೈ 19, 2025, ಶನಿವಾರ
ತೀರ್ಥಹಳ್ಳಿ

ಬೆಳಿಗ್ಗೆಯಿಂದ ಬಿಟ್ಟೂ ಬಿಡದ ಮಳೆ. ಅದರಲ್ಲೇ ಇಬ್ಬರೂ ಶಿವಮೊಗ್ಗಕ್ಕೆ ಹೋಗಿ ಬಂದೆವು. ಇದನ್ನು ಬರೆದೇ ಮಲಗಬೇಕು. ನಾವು ಹೆಂಗಸರು ಇದನ್ನೆಲ್ಲ ಅಕ್ಕತಂಗಿಯರ ಹತ್ತಿರವೂ ಹೇಳಿಕೊಳ್ಳುವುದಿಲ್ಲ, ಅಲ್ವಾ?

ವರ್ಷದೊಳಗೆ ಇದು ನಾಲ್ಕನೇ ಸಲ ಬಿಳಿಮುಟ್ಟು. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ. ಇವರ ಜೊತೆ ಮಲಗಿದ ಮೇಲೆ ವಾಸನೆ ಇನ್ನೂ ಜಾಸ್ತಿ. "ಉಷ್ಣ ಕಣೇ, ಮೆಂತ್ಯದ ನೀರು ಕುಡಿ" ಅಂದರು ಅತ್ತೆ. ಮೊದಲು ತೋರಿಸಿದ ಕಡೆ ಮೂರು ಸಲವೂ ನನಗೆ ಮಾತ್ರ ಏಳು ದಿನದ ಮಾತ್ರೆ. ವಾಸಿಯಾಗುತ್ತಿತ್ತು, ಎರಡು ತಿಂಗಳಿಗೆ ಮತ್ತೆ ಶುರು. ನಾನೇ ಗಲೀಜೇನೋ ಅಂದುಕೊಂಡು ಸೋಪು ಹಾಕಿ ಒಳಗೆಲ್ಲ ತೊಳೆಯುತ್ತಿದ್ದೆ.

ಡಾಕ್ಟರಮ್ಮ ಮೊದಲು ಅದನ್ನೇ ನಿಲ್ಲಿಸಿ ಅಂದರು. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ, ಹಾಲನ್ನು ಮೊಸರು ಮಾಡುವವುಗಳ ಬಳಗ. ಅವು ಜಾಗವನ್ನು ಹುಳಿಯಾಗಿ ಇಟ್ಟಿರುತ್ತವೆ. ಅವು ಸೋತು ಗಾರ್ಡ್ನೆರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ಹೆಚ್ಚಿದರೆ ಈ ಬ್ಯಾಕ್ಟೀರಿಯಲ್ ವಜೈನೋಸಿಸ್. ಆಗ ಎಚ್‌ಐವಿ, ಗೊನೊರಿಯಾ, ಕ್ಲಮೈಡಿಯಾದಂಥ ಲೈಂಗಿಕ ಸೋಂಕು ತಗಲುವ ಅಪಾಯವೂ ಜಾಸ್ತಿ. ಸುಮ್ನೆ ಉಷ್ಣ ಅಂತ ಬಿಡುವಂಥದ್ದಲ್ಲ.

ಆಮೇಲೆ, "ಯಜಮಾನರು ಬಂದಿದ್ದಾರಾ? ಒಳಗೆ ಕರೀರಿ" ಅಂದರು.

ಇವರು ರೈನ್‌ಕೋಟನ್ನೂ ಬಿಚ್ಚದೆ ಕುರ್ಚಿಯ ತುದಿಯಲ್ಲಿ ಕೂತರು. ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. "ನನಗೇನೂ ತೊಂದರೆ ಇಲ್ವಲ್ಲ ಮೇಡಂ."

ಗಂಡಸರಿಗೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲವಂತೆ. ಮುಂದೊಗಲಿನ ಅಡಿಯಲ್ಲಿ, ಮೂತ್ರನಾಳದಲ್ಲಿ ಅದೇ ಬ್ಯಾಕ್ಟೀರಿಯಾ ಕೂತಿರಬಹುದು. ನನ್ನದು ವಾಸಿಯಾದ ಮೇಲೆ ಅಲ್ಲಿಂದ ವಾಪಸ್ ಬರುತ್ತವೆ. "ಇದರಲ್ಲಿ ಯಾರ ಮೇಲೂ ಅನುಮಾನ ಪಡೋದು ಬೇಡ" ಅಂತ ಎರಡು ಸಲ ಹೇಳಿದರು. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಹಿಂದೆ ಗಂಡಸರಿಗೆ ಬರೀ ಮಾತ್ರೆ ಕೊಟ್ಟು ನೋಡಿದಾಗ ಗುಣ ಕಾಣಲಿಲ್ಲವಂತೆ. ಆಸ್ಟ್ರೇಲಿಯಾದ ಸಂಶೋಧಕರು ಮಾತ್ರೆಯ ಜೊತೆ ಹಚ್ಚಲು ಕ್ರೀಮನ್ನೂ ಕೊಟ್ಟರು. 164 ಜೋಡಿಗಳು. ಇದೇ ಮಾರ್ಚ್‌ನಲ್ಲಿ ಅದು ಪ್ರಕಟವಾಯಿತು. ಹೆಂಡತಿಗೆ ಮಾತ್ರ ಔಷಧಿ ಕೊಟ್ಟಲ್ಲಿ 12 ವಾರದೊಳಗೆ ಶೇ. 63 ಜನರಿಗೆ ಮತ್ತೆ ಬಂತು, ಇಬ್ಬರಿಗೂ ಕೊಟ್ಟಲ್ಲಿ ಶೇ. 35. ಪೂರ್ತಿ ನಿಲ್ಲಲಿಲ್ಲ, ಆದರೆ ಎಷ್ಟು ವ್ಯತ್ಯಾಸ ನೋಡಿ!

ವಾಪಸ್ ಬರುವಾಗ ಮಂಡಗದ್ದೆ ದಾಟುವವರೆಗೂ ಇವರು ಮಾತಾಡಲಿಲ್ಲ. ಇವರಿಗೆ ಹಚ್ಚಲು ಬರೆದುಕೊಟ್ಟ ಕ್ಲಿಂಡಾಮೈಸಿನ್ ಕ್ರೀಮಿನ ಟ್ಯೂಬು ಅಂಗಿ ಜೇಬಿನಲ್ಲಿತ್ತು.

ರಾತ್ರಿ ಊಟ ಮುಗಿಸಿ ಇಬ್ಬರೂ ಮೆಟ್ರೊನಿಡಜೋಲ್ ಮಾತ್ರೆ ನುಂಗಿದೆವು. ಇವರು ಮುಖ ಕಿವುಚಿದರು. "ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆಯಲ್ಲೇ. ಇದನ್ನ ಮೂರು ಸಲ ಒಬ್ಬಳೇ ತಗೊಂಡ್ಯಾ?"