ಹಿತ್ತಲ ಬಾಗಿಲು ಎಲ್ಲಿದೆ ಅಂತ ಗೊತ್ತಿದ್ದರೇ ಭಯ: ಹಾರರ್ ಮ್ಯಾರಥಾನಿನ ಮೆಚ್ಚಿಗೆ, ಬೇಸರ

ಆಷಾಢದ ಮೈಸೂರು ದೆವ್ವದ ಸಿನಿಮಾ ನೋಡೋಕೆ ಹೇಳಿಮಾಡಿಸಿದ ಕಾಲ. ಸೋನೆ ಮಳೆ, ಬೇಗ ಮಲಗುವ ಬೀದಿ, ಎಲ್ಲಕ್ಕಿಂತ ಮುಖ್ಯವಾಗಿ ಫ್ಯಾನ್ ಹಾಕಬೇಕಾಗಿಲ್ಲ. ಒಳ್ಳೆ ಹಾರರ್ ಸಿನಿಮಾದ ಅರ್ಧ ಕೆಲಸ ನಡೆಯೋದು ತೀರಾ ಸಣ್ಣ ಸದ್ದುಗಳಲ್ಲಿ: ಮಹಡಿ ಮೇಲೆ ಯಾರೋ ಕಾಲೆಳೆದ ಹಾಗೆ, ಪಕ್ಕದ ಕೋಣೆಯಲ್ಲಿ ಉಸಿರು ಬಿಟ್ಟ ಹಾಗೆ. ತಲೆ ಮೇಲೆ ಫ್ಯಾನ್ ಗಿರಗುಟ್ಟುತ್ತಿದ್ದರೆ ಇದೆಲ್ಲ ಅದರಲ್ಲೇ ಮುಳುಗಿ, ಧಡಾರ್ ಅನ್ನೋ ಸದ್ದು ಮಾತ್ರ ಉಳಿಯುತ್ತೆ. ಏಪ್ರಿಲಿನಲ್ಲಿ ಸಪ್ಪೆ ಅನ್ನಿಸಿದ ಸಿನಿಮಾ ಜುಲೈನಲ್ಲಿ ಬೆವರಿಳಿಸೋದು ಇದಕ್ಕೇ. ಶೀಟಿನ ಮನೆಯವರಿಗೆ ಮಾತ್ರ ಮಳೆಗಾಲ ಆಗಿಬರಲ್ಲ, ಹೆಡ್‌ಫೋನೇ ಗತಿ.

ಒಂದರ ಹಿಂದೆ ಒಂದು ಹಾಕಿ ನೋಡಿದಾಗ ಯಾವುದು ನಿಲ್ಲುತ್ತೆ, ಯಾವುದು ಬೀಳುತ್ತೆ ಅನ್ನೋದಕ್ಕೆ ನನ್ನ ಲೆಕ್ಕ ಒಂದೇ. ಹೆದರಿಸೋ ಮೊದಲು ಸಿನಿಮಾ ನಮಗೆ ಮನೆ ತೋರಿಸಿದೆಯಾ? ಮೆಟ್ಟಿಲು ಎಲ್ಲಿ, ಅಡುಗೆಮನೆಯಿಂದ ಹಿತ್ತಲಿಗೆ ದಾರಿ ಯಾವ ಕಡೆ, ಯಾವ ಬಾಗಿಲಿಗೆ ಚಿಲಕ ಇಲ್ಲ. ಇಷ್ಟು ತಲೆಯಲ್ಲಿ ಕೂತ ಮೇಲೆ ಬರೀ ಕತ್ತಲು ತೋರಿಸಿದರೂ ಸಾಕು, ಉಳಿದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ. ಜಾಗದ ಅಂದಾಜೇ ಕೊಡದ ಸಿನಿಮಾ ಬೆಚ್ಚಿಬೀಳಿಸಬಹುದು. ಬೆಚ್ಚೋದು ಒಂದು ಕ್ಷಣ, ಹೆದರಿಕೆ ಆಮೇಲೆ ಬಚ್ಚಲಿಗೆ ಹೋಗುವಾಗಲೂ ಜೊತೆಗೆ ಬರುತ್ತೆ.

ಇದಕ್ಕೆ ಪಾಠದಂಥ ಉದಾಹರಣೆ 2013ರ 'ದಿ ಕಾಂಜ್ಯೂರಿಂಗ್'. ಕುಟುಂಬ ಹೊಸ ಮನೆಗೆ ಸಾಮಾನು ಸಾಗಿಸುವ ದಿನ, ಕ್ಯಾಮೆರಾ ಕತ್ತರಿಸದೆ ಕೋಣೆಯಿಂದ ಕೋಣೆಗೆ ಅವರ ಜೊತೆ ಓಡಾಡುತ್ತೆ. ಮೊದಲ ಸಲ ನೋಡುವವರಿಗೆ ಇದು ಸುಮ್ಮನೆ ಸಂಸಾರದ ಗದ್ದಲ. ನಿರ್ದೇಶಕ ಜೇಮ್ಸ್ ವಾನ್ ಅಲ್ಲಿ ಮನೆಯ ನಕ್ಷೆ ಬರೆದು ನಮ್ಮ ಕೈಗೆ ಕೊಟ್ಟಿರುತ್ತಾರೆ. ಆಮೇಲೆ ಒಂದು ರಾತ್ರಿ ಮಗಳೊಬ್ಬಳು ಎದ್ದು ಕೂತು, ಬಾಗಿಲ ಹಿಂದೆ ಯಾರೋ ನಿಂತಿದ್ದಾರೆ ಅಂತ ನಡುಗುತ್ತಾಳೆ. ತೆರೆ ಮೇಲೆ ಕಾಣೋದು ಬಾಗಿಲು, ಅದರ ಹಿಂದೆ ಕಪ್ಪು, ಅಷ್ಟೇ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಭಯಾನಕ ಘಳಿಗೆ ಇಲ್ಲ. ಕೊನೆಯ ಭೂತ ಬಿಡಿಸುವ ಗಲಾಟೆ ಅದರ ಮುಂದೆ ಸಾಧಾರಣ.

ಅದೇ ಸರಣಿಯ 'ದಿ ನನ್' (2018) ಸಾಲಿನಲ್ಲೇ ದೊಡ್ಡ ಬೇಸರ. ರೊಮೇನಿಯಾದ ಹಳೇ ಮಠ, ಮಂಜು, ಸಮಾಧಿಗಳು, ಬೇಕಾದ್ದೆಲ್ಲ ಇದೆ. ಆದರೆ ಪ್ರಾರ್ಥನಾ ಮಂದಿರಕ್ಕೂ ನೆಲಮಾಳಿಗೆಗೂ ಎಷ್ಟು ದೂರ, ಓಡಿದರೆ ಎಲ್ಲಿಗೆ ಹೋಗಿ ಸೇರುತ್ತಾರೆ, ಒಂದೂ ತಿಳಿಯಲ್ಲ. ಹಾಗಾಗಿ ಒಂದೇ ಚಾಳಿ: ಸದ್ದು ಪೂರ್ತಿ ಇಳಿಸೋದು, ಪಾತ್ರ ಒಂದು ಕಡೆ ತಿರುಗಿ ನೋಡೋದು, ಏನೂ ಇಲ್ಲ, ಈ ಕಡೆ ತಿರುಗಿದರೆ ಮುಖಕ್ಕೇ ಬಂತು. ನಾಲ್ಕನೇ ಸಲಕ್ಕೆ ಪಕ್ಕದಲ್ಲಿ ಕೂತವರು ಮುಂಚೆಯೇ 'ಈಗ' ಅನ್ನೋಕೆ ಶುರುಮಾಡುತ್ತಾರೆ. ಮ್ಯಾರಥಾನಿನಲ್ಲಿ ಇದರ ತೊಂದರೆ ಇನ್ನೂ ಜಾಸ್ತಿ, ಯಾಕೆಂದರೆ ಕಿವಿ ದಣಿಯುತ್ತೆ. ಇದಾದ ಮೇಲೆ ಮೆಲುದನಿಯ ಸಿನಿಮಾ ಹಾಕಿದರೆ ಅದೂ ನಾಟಲ್ಲ.

ಹಳೇ ಕನ್ನಡಕ್ಕೆ ಬಂದರೆ 1979ರ 'ನಾ ನಿನ್ನ ಬಿಡಲಾರೆ' ಇವತ್ತಿಗೂ ಗಟ್ಟಿ. ಹೆಣ್ಣು ದೆವ್ವ ಗಂಡಸಿನ ಮೈಮೇಲೆ ಬರುವ ಕಥೆ. ತಂತ್ರಗಾರಿಕೆ ಬಡವೇ, ಅನಂತನಾಗ್ ಆ ಕೊರತೆಯನ್ನು ಮೈಯಲ್ಲೇ ತುಂಬಿಸಿದ್ದಾರೆ. ಕತ್ತಿನ ಓರೆ, ಕಣ್ಣಿನ ನೋಟ, ನಿಲ್ಲುವ ಭಂಗಿ ಬದಲಾದರೆ ಸಾಕು, ಕೂದಲು ಕೆದರಿಕೊಂಡು ಕಿರುಚಬೇಕಾಗಿಲ್ಲ. ಲಕ್ಷ್ಮಿಯವರ ಗಾಬರಿ ನಿಜವಾಗಿ ಕಂಡಷ್ಟೂ ಅನಂತನಾಗ್ ಅಭಿನಯಕ್ಕೆ ಬೆಲೆ ಏರುತ್ತೆ. ಮಂತ್ರಾಲಯಕ್ಕೆ ಹೋಗುವ ಕೊನೆಯ ಭಾಗ ಭಕ್ತಿಚಿತ್ರದ ದಾರಿ ಹಿಡಿಯುತ್ತೆ, ಭಯ ಅಲ್ಲಿಗೆ ಇಳಿಯುತ್ತೆ. ಆ ಕಾಲದ ಪ್ರೇಕ್ಷಕರಿಗೆ ಅದು ಬೇಕಿತ್ತು, ತಕರಾರಿಲ್ಲ. ಯೂಟ್ಯೂಬಿನಲ್ಲಿ ಹಳೇ ಚಿತ್ರಗಳ ಪ್ರತಿಗಳು ಒಂದೊಂದು ಒಂದೊಂದು ಥರ: ಕೆಲವು ಪಕ್ಕ ಕತ್ತರಿಸಿದ್ದು, ಕೆಲವು ಹಿಗ್ಗಿಸಿದ್ದು. ಮುಖ ಚಪ್ಪಟೆ ಕಂಡರೆ ಟೀವಿಯಲ್ಲಿ ಪಿಕ್ಚರ್ ಸೈಜನ್ನು 4:3ಕ್ಕೆ ಹಾಕಿ ನೋಡಿ, ಸರಿಹೋಗದಿದ್ದರೆ ಬೇರೆ ಪ್ರತಿ ಹುಡುಕಿ.

'ಆಪ್ತಮಿತ್ರ' (2004) ಬಗ್ಗೆ ಮೈಸೂರಿನಲ್ಲಿ ಕೂತು ತಕರಾರು ತೆಗೆಯೋಕೆ ಧೈರ್ಯ ಬೇಕು. ವಿಷ್ಣುವರ್ಧನ್ ಸ್ಮಾರಕ ಇರೋ ಊರು ಇದು. ಸೌಂದರ್ಯ ನಾಗವಲ್ಲಿಯಾಗಿ ಹೊರಳುವ ಕ್ಷಣ ಈಗಲೂ ರೋಮಾಂಚನ ಕೊಡುತ್ತೆ. ಅದೇ ವರ್ಷ ಏಪ್ರಿಲಿನಲ್ಲಿ ಆಕೆ ತೀರಿಕೊಂಡಿದ್ದರು, ಸಿನಿಮಾ ಬಿಡುಗಡೆಯಾದದ್ದು ಅದಾದ ಮೇಲೆ. ಬೀಗ ಹಾಕಿದ ಕೋಣೆ, ಅದನ್ನು ತೆಗೆಯಬಾರದು ಅನ್ನೋ ಮಾತು, ತೆಗೆಯೋ ಹಟ: ಜಾಗದ ಕಟ್ಟುಪಾಡು ಶುರುವಿನಲ್ಲೇ ಸ್ಪಷ್ಟ. ಬೇಸರ ಇರೋದು ಹಾವಿನ ವಿಷಯದಲ್ಲಿ. ಇಡೀ ಕಥೆ ನಿಂತಿರೋದು ಇದು ದೆವ್ವವೋ ಮನಸ್ಸಿನ ಕಾಯಿಲೆಯೋ ಅನ್ನೋ ಅನುಮಾನದ ಮೇಲೆ. ಅದರ ನಡುವೆ ಆ ಹಾವು ಬಂದು ಹೋದಾಗಲೆಲ್ಲ ಅನುಮಾನಕ್ಕೆ ಪೆಟ್ಟು. ಇದರ ಮೂಲವಾದ 1993ರ ಮಲಯಾಳಂ ಚಿತ್ರ 'ಮಣಿಚಿತ್ರತಾಳ್' ಈ ವಿಷಯದಲ್ಲಿ ಬಿಗಿ ತಪ್ಪಲ್ಲ. ಹಾಗಂತ ಎರಡನ್ನೂ ಒಂದೇ ರಾತ್ರಿ ಹಾಕಬೇಡಿ, ಎರಡನೆಯದಕ್ಕೆ ಅನ್ಯಾಯ ಆಗುತ್ತೆ.

ರಾಮ್‌ಗೋಪಾಲ್ ವರ್ಮಾರ 'ಭೂತ್' (2003) ಮೊದಲರ್ಧ ಬಲು ಚೆಂದ. ಎತ್ತರದ ಕಟ್ಟಡದ ಫ್ಲ್ಯಾಟು, ಲಿಫ್ಟು, ಬಾಲ್ಕನಿ, ಹಾಡೇ ಇಲ್ಲದ ಹಿಂದಿ ಸಿನಿಮಾ. ಹಳೇ ಬಂಗಲೆ ಇಲ್ಲದೆಯೂ ಹೆದರಿಸಬಹುದು ಅಂತ ತೋರಿಸಿದ್ದು ಸಣ್ಣ ಮಾತಲ್ಲ. ದೆವ್ವದ ಹಿನ್ನೆಲೆ ಬಿಡಿಸಿ ಹೇಳೋಕೆ ಶುರುವಾದ ಮೇಲೆ ಅದು ಪತ್ತೇದಾರಿ ಕಥೆ ಆಗಿಬಿಡುತ್ತೆ. ಊರ್ಮಿಳಾ ಒಬ್ಬರೇ ಕೊನೇವರೆಗೂ ಹಿಡಿದು ನಿಲ್ಲಿಸುತ್ತಾರೆ.

ನನ್ನ ಮಟ್ಟಿಗೆ ಇಡೀ ಪಟ್ಟಿಯ ಮೊದಲ ಸ್ಥಾನ ಮಲಯಾಳಂನ 'ಭೂತಕಾಲಂ' (2022). ತಾಯಿ, ಮಗ, ಒಂದು ಬಾಡಿಗೆ ಮನೆ. ಅಜ್ಜಿ ಸತ್ತ ಮೇಲೆ ಖಾಲಿಯಾದ ಕೋಣೆ. ರೇವತಿಯವರ ಪಾತ್ರಕ್ಕೆ ಖಿನ್ನತೆ, ಮಗನಿಗೆ ಕುಡಿತ, ಕೆಲಸವಿಲ್ಲ. ಅವನು ಕೇಳಿಸಿತು ಅಂದ ಸದ್ದನ್ನು ಯಾರೂ ನಂಬಲ್ಲ, ನಾವೂ ಸೇರಿ. ನಿರ್ದೇಶಕ ರಾಹುಲ್ ಸದಾಶಿವನ್ ಮುಕ್ಕಾಲು ಭಾಗ ಏನನ್ನೂ ತೋರಿಸದೆ ಆ ಮನೆಯಲ್ಲೇ ನಮ್ಮನ್ನು ಓಡಾಡಿಸುತ್ತಾರೆ. ಕೊನೆಯ ಭಾಗ ಬರೋ ಹೊತ್ತಿಗೆ ಆ ಮನೆಯ ಪ್ರತಿ ತಿರುವೂ ನಮಗೆ ಬಾಯಿಪಾಠ, ಅದೇ ನಮಗೆ ಮುಳುವು. ಮೊದಲ ಮುಕ್ಕಾಲು ಗಂಟೆಯಲ್ಲಿ ಯಾರಾದರೂ ಮೊಬೈಲ್ ತೆಗೆದರೆ ಮಾತ್ರ ಕೆಟ್ಟಿತು, ಕೊನೆಯ ಭಾಗಕ್ಕೆ ಬೇಕಾದ್ದೆಲ್ಲ ಅಲ್ಲೇ ಇದೆ.

ಅದೇ ನಿರ್ದೇಶಕರ 'ಭ್ರಮಯುಗಂ' (2024) ಕಪ್ಪು ಬಿಳುಪು. ಪಾಳು ಮನೆ, ಎಡೆಬಿಡದ ಮಳೆ, ಮಮ್ಮುಟ್ಟಿಯವರ ನಗು, ಪಗಡೆಯಾಟ. ನಟನೆಗೆ ನೂರಕ್ಕೆ ನೂರು. ಆದರೆ ಇದು 139 ನಿಮಿಷದ ಸಿನಿಮಾ, ಕಥೆ ನಿಂತಿರೋದು ಮಾತಿನ ಮೇಲೆ. ರಾತ್ರಿ ಒಂದು ಗಂಟೆಗೆ ಹಾಕಿದರೆ ಅರ್ಧ ಜನ ಗೊರಕೆ. ಇದಕ್ಕೆ ಮೊದಲ ಜಾಗ, ಏಳು ಗಂಟೆಗೆ. ಟೀವಿ ಸೆಟ್ಟಿಂಗ್ ತಪ್ಪಿದ್ದರೆ ಅತಿ ಹೆಚ್ಚು ಹಾಳಾಗೋದೂ ಇದೇ.

ಆ ಸೆಟ್ಟಿಂಗುಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಪಿಕ್ಚರ್ ಮೋಡ್ 'ವಿವಿಡ್' ಇದ್ದರೆ 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್'ಗೆ ಬದಲಿಸಿ. ಚಲನೆ ನಯಗೊಳಿಸುವ ಆಯ್ಕೆ (ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ) ಪೂರ್ತಿ ಆಫ್, ಇಲ್ಲದಿದ್ದರೆ ಎಲ್ಲ ಸಿನಿಮಾವೂ ಸೀರಿಯಲ್ಲಿನಂತೆ ಕಾಣುತ್ತೆ. ಕೋಣೆಯ ಬೆಳಕು ನೋಡಿ ತಾನೇ ಮಂಕಾಗುವ ಸೆನ್ಸರ್ ಕೂಡ ಆಫ್. ದೀಪ ಆರಿಸಿದ ತಕ್ಷಣ ಅದು ತೆರೆಯನ್ನೂ ಇಳಿಸಿ, ಕತ್ತಲಲ್ಲಿ ಕಾಣಬೇಕಾದ್ದನ್ನು ನುಂಗಿಬಿಡುತ್ತೆ. ಎಲ್‌ಇಡಿ ಟೀವಿಯಲ್ಲಿ ಕಪ್ಪು ಬೂದಿಯಂತೆ ಕಂಡರೆ ಟೀವಿ ಹಿಂದೆ ಒಂದು ಜೀರೋ ಕ್ಯಾಂಡಲ್ ಬಲ್ಬ್ ಹಾಕಿ. ಬೆಳಕು ಗೋಡೆಗೆ ಬೀಳಬೇಕು, ಕಣ್ಣಿಗಲ್ಲ. ಆಗ ಅದೇ ಬೂದಿ ಕಪ್ಪಾಗಿ ತೋರುತ್ತೆ. 'ಹೆರೆಡಿಟರಿ' (2018) ನೋಡುವವರಿಗೆ ಇದು ತುಂಬಾ ಮುಖ್ಯ. ಮಗ ರಾತ್ರಿ ಎಚ್ಚರವಾಗಿ ಹಾಸಿಗೆ ಮೇಲೆ ಕೂತಾಗ ಹಿಂದಿನ ಗೋಡೆಯ ಮೇಲ್ಮೂಲೆಯಲ್ಲಿ ಏನಿದೆ ಅಂತ ಸಿನಿಮಾ ಸದ್ದು ಮಾಡಿ ತೋರಿಸಲ್ಲ. ಕಂಡವರಿಗೆ ಕಂಡಿತು. ಸೆಟ್ಟಿಂಗ್ ತಪ್ಪಿದ ಟೀವಿಯಲ್ಲಿ ಯಾರಿಗೂ ಕಾಣಲ್ಲ, ಆಮೇಲೆ 'ಇದರಲ್ಲಿ ಏನಿದೆ' ಅನ್ನೋ ಮಾತು.

ಸೌಂಡಿನಲ್ಲಿ 'ನೈಟ್ ಮೋಡ್' ಅಥವಾ 'ಆಟೋ ವಾಲ್ಯೂಮ್' ಇದ್ದರೆ ತೆಗೆಯಿರಿ. ಅದು ಪಿಸುಮಾತನ್ನು ಏರಿಸಿ, ಅಬ್ಬರವನ್ನು ಇಳಿಸಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತೆ. ಪಕ್ಕದ ಮನೆಯವರಿಗೆ ತೊಂದರೆ ಅನ್ನಿಸಿದರೆ ಒಟ್ಟು ವಾಲ್ಯೂಮ್ ಇಳಿಸಿ, ಆ ಮೋಡ್ ಬೇಡ. ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ನೋಡಲೇಬಾರದ್ದು 'ಪ್ಯಾರಾನಾರ್ಮಲ್ ಆಕ್ಟಿವಿಟಿ' (2007). ಅದರಲ್ಲಿ ಏನಾದರೂ ಆಗೋ ಮುಂಚೆ ಕೆಳದನಿಯ ಗುಂಯ್‌ಗುಡುವಿಕೆ ಬರುತ್ತೆ, ಸಣ್ಣ ಸ್ಪೀಕರಿಗೆ ಅದು ಹೊರಡಲ್ಲ. ಸುಮಾರು 15,000 ಡಾಲರಿನಲ್ಲಿ ಮುಗಿದ ಸಿನಿಮಾ ಅದು: ಅಲುಗಾಡದ ಕ್ಯಾಮೆರಾ, ಒಂದು ಮಂಚ, ಎಡಕ್ಕೆ ತೆರೆದ ಬಾಗಿಲು. ನಕ್ಷೆ ಅಂದೆನಲ್ಲ, ಇಲ್ಲಿ ಅದು ಒಂದೇ ಚೌಕಟ್ಟಿನಲ್ಲಿ ಮುಗಿದಿದೆ.

ಸಬ್‌ಟೈಟಲ್ ಆರಿಸುವಾಗ ಕಿವಿ ಕೇಳದವರಿಗೆ ಅಂತ ಮಾಡಿದ್ದು ಬೇಡ, ಮಾತು ಮಾತ್ರ ಇರೋದನ್ನು ಹಾಕಿ. ಮೊದಲಿನದರಲ್ಲಿ 'ಬಾಗಿಲು ಕಿರ್ರೆನ್ನುತ್ತದೆ' ಅಂತ ಬಾಗಿಲಿಗಿಂತ ಮೊದಲೇ ಬರಹ ಬಂದು ಕೂರುತ್ತೆ. ಇನ್ನು ಕರೆಂಟು. ಮಳೆ ಜೋರಾದರೆ ಹೋಗೇ ಹೋಗುತ್ತೆ. ಟೀವಿ ಯುಪಿಎಸ್‌ನಲ್ಲಿದ್ದರೂ ರೌಟರ್ ಸತ್ತರೆ ಎಲ್ಲ ನಿಂತಿತು. ಹೆಚ್ಚಿನ ರೌಟರುಗಳಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತೆ, ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ನೋಡಿಕೊಂಡೇ ತನ್ನಿ. ಮೊಬೈಲಿಗೆ ಡೌನ್‌ಲೋಡ್ ಮಾಡಿಟ್ಟುಕೊಂಡು ಟೀವಿಗೆ ಕಾಸ್ಟ್ ಮಾಡ್ತೀನಿ ಅನ್ನೋದು ಕೈಕೊಡುತ್ತೆ, ಕಾಸ್ಟ್ ಮಾಡಿದಾಗ ಟೀವಿ ಸಾಮಾನ್ಯವಾಗಿ ನೆಟ್ಟಿನಿಂದಲೇ ಎಳೆಯುತ್ತೆ.

ತಿಂಡಿ ವಿಷಯ ತಮಾಷೆ ಅನ್ನಿಸಬಹುದು. ಚಕ್ಕುಲಿ, ನಿಪ್ಪಟ್ಟು ಬೇಡ. ನಾಲ್ಕು ಜನ ಒಟ್ಟಿಗೆ ಕಡಿದರೆ 'ಭೂತಕಾಲಂ' ಮುಗಿದ ಹಾಗೆ. ಬೇಯಿಸಿದ ಕಡಲೆಕಾಯಿ ಸದ್ದಿಲ್ಲದ ತಿಂಡಿ. ಚುರುಮುರಿ ಕಲಸಿದ ಹತ್ತು ನಿಮಿಷಕ್ಕೆ ಮೆತ್ತಗಾಗುತ್ತೆ, ಇಂಟರ್‌ವಲ್ಲಿಗೆ ಇಟ್ಟುಕೊಳ್ಳಿ.

'ತುಂಬಾಡ್' (2018) ಎಲ್ಲರೂ ಹೊಗಳಿದ್ದಾರೆ, ನಾನೂ ಸೇರುತ್ತೇನೆ. ಹಲವು ಮಳೆಗಾಲ ಕಾದು ನಿಜವಾದ ಮಳೆಯಲ್ಲಿ ತೆಗೆದದ್ದು ಪ್ರತಿ ದೃಶ್ಯದಲ್ಲೂ ಕಾಣುತ್ತೆ. ಅದರ ಶಕ್ತಿ ನಿಯಮದಲ್ಲಿದೆ: ಹಿಟ್ಟಿನ ವೃತ್ತದ ಒಳಗಿದ್ದರೆ ಭೂತದ ಕೈಯಿಂದ ಉಳಿದೆ, ಅದು ತಿನ್ನೋಕೆ ಹಿಟ್ಟಿನ ಗೊಂಬೆ ಇರೋವರೆಗೆ ಸಮಯ. ಇಷ್ಟೇ ನಿಯಮ, ಕೊನೆಯ ತಿರುವೂ ಅದರಿಂದಲೇ ಹುಟ್ಟುತ್ತೆ. 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' (1999) ಕೂಡ ಹೀಗೆಯೇ. ಕೊನೆಯ ದೃಶ್ಯದಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ ನಿಂತಿರೋದು ಯಾಕೆ ಅನ್ನೋದಕ್ಕೆ ಉತ್ತರ ಶುರುವಿನ ಊರವರ ಮಾತಲ್ಲಿದೆ. ಅದನ್ನು ಕೇಳಿಸಿಕೊಳ್ಳದವರಿಗೆ 81 ನಿಮಿಷ ಬರೀ ತಲೆಸುತ್ತು.

ಕನ್ನಡದ '6-5=2' (2013) ಅದೇ ಜಾತಿಯದು, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅನ್ನೋ ರೂಪ. ಹುಡುಗರ ಮಾತುಕತೆ ಸಹಜವಾಗಿದೆ, ಅದು ದೊಡ್ಡ ಗೆಲುವು. ಬೇಸರ ಏನೆಂದರೆ ಕಾಡಿನ ಗುರುತು ಒಂದೂ ಮನಸ್ಸಿನಲ್ಲಿ ಉಳಿಯಲ್ಲ. ದಾರಿ ತಪ್ಪಿದರು ಅಂತ ನಮಗೆ ಗೊತ್ತಾಗಬೇಕಾದರೆ ಸರಿ ದಾರಿ ಯಾವುದು ಅಂತ ಮೊದಲು ಗೊತ್ತಿರಬೇಕಲ್ಲ. 'ಕಲ್ಪನಾ' (2012), 'ನಮೋ ಭೂತಾತ್ಮ' (2014) ಥರದ ತಮಿಳು ರೀಮೇಕ್ ಹಾಸ್ಯಗಳನ್ನು ಹಾರರ್ ಸಾಲಿಗೆ ಸೇರಿಸಲೇಬೇಡಿ. ಒಮ್ಮೆ ಜೋರಾಗಿ ನಕ್ಕ ಕೋಣೆಯನ್ನು ಮತ್ತೆ ಹೆದರಿಸೋಕೆ ಒಂದು ಗಂಟೆ ಬೇಕು.

ಇನ್ನೊಂದು ಸಿಟ್ಟು. ನಮ್ಮ ಬೀದಿಗಳ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದ ಕಾಲವೊಂದಿತ್ತು. ಅದೇ ಪುಕಾರು ಹಿಂದಿಯ 'ಸ್ತ್ರೀ' (2018) ಆಗಿ ಚಂದೇರಿಯಲ್ಲಿ ನಡೆದು ಗೆದ್ದಿತು. ನಮ್ಮವರು ಇನ್ನೂ ಎಸ್ಟೇಟ್ ಬಂಗಲೆ, ರೆಸಾರ್ಟ್ ಬಿಟ್ಟು ಕದಲಲ್ಲ. ಅಗ್ರಹಾರದ ವಠಾರ, ಅದರ ಹಂಚಿಕೊಂಡ ಬಚ್ಚಲು, ಏಣಿ ಹಾಕಿ ಹತ್ತುವ ಅಟ್ಟ. ಮಂಡ್ಯ ಕಡೆ ಆಳೆತ್ತರದ ಕಬ್ಬಿನ ನಡುವೆ ರಾತ್ರಿ ಉರಿಯುವ ಆಲೆಮನೆ. ನೋಡುವವರಿಗೆ ಮೊದಲೇ ಬಾಯಿಪಾಠ ಇರೋ ಜಾಗಗಳು ಇವು, ನಕ್ಷೆ ಬರೆಯುವ ಶ್ರಮವೂ ಇಲ್ಲ.

ಸಾಲು ಹೀಗಿರಲಿ: ಏಳಕ್ಕೆ 'ಭ್ರಮಯುಗಂ', ಊಟ ಮುಗಿಸಿ 'ತುಂಬಾಡ್', ಹನ್ನೆರಡರ ಆಸುಪಾಸಿಗೆ 'ಭೂತಕಾಲಂ', ಎರಡು ಗಂಟೆಗೆ ಕಾಫಿ ಕುಡಿದು ಜಪಾನಿನ 'ರಿಂಗು' (1998). ಅದರಲ್ಲಿ ಸದಾಕೊ ಅನ್ನೋ ದೆವ್ವ ನಡೆಯೋ ರೀತಿ ಯಾಕೆ ಅಷ್ಟು ವಿಚಿತ್ರ ಅಂದರೆ, ನಟಿ ಹಿಂದಕ್ಕೆ ನಡೆದದ್ದನ್ನು ತಿರುಗಿಸಿ ಓಡಿಸಿದ್ದಾರೆ. 96 ನಿಮಿಷ, ನಿದ್ದೆ ಹತ್ತೋ ಮುಂಚೆ ಮುಗಿಯುತ್ತೆ. 'ದಿ ಶೈನಿಂಗ್' (1980) ಮಾತ್ರ ಈ ಸಾಲಿಗೆ ಬೇಡ, ಅಮೆರಿಕದ ಆವೃತ್ತಿ 144 ನಿಮಿಷ. ಹುಡುಗನ ಮೂರು ಚಕ್ರದ ಸೈಕಲ್ಲು ಮರದ ನೆಲದಿಂದ ರತ್ನಗಂಬಳಿಗೆ ಹತ್ತಿ ಇಳಿಯುವಾಗ ಸದ್ದು ಬದಲಾಗೋದನ್ನು ತೂಕಡಿಸುತ್ತಾ ಕೇಳಿದರೆ ಸುಖವಿಲ್ಲ. ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ, ಹಗಲಲ್ಲೂ ಅದರ ಕೆಲಸ ಅದು ಮಾಡುತ್ತೆ.